ದೊಡ್ಡ ಸುದ್ದಿ ತಲುಪುತ್ತಿದೆ, ಸಣ್ಣ ಸುದ್ದಿ ತಪ್ಪಿಹೋಗುತ್ತಿದೆ: ಇಪ್ಪತ್ತರ ಹರೆಯದ ಸ್ನೇಹಕ್ಕೆ ಏನಾಗುತ್ತಿದೆ?

2025ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಬಂದ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಗೊಂದಲವಾಗದೆ ಇರದು. ಜೂನ್ 30ರಂದು ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ್ದ ಸಾಮಾಜಿಕ ಸಂಪರ್ಕ ಆಯೋಗದ ವರದಿ ಹೊರಬಂತು. ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ಅದು ಹೇಳಿತು. ಅಷ್ಟಾಗಿದ್ದರೆ ಸಂಜೆಗತ್ತಲಿನ ಮನೆಯಲ್ಲಿ ಕುಳಿತ ವೃದ್ಧರ ಚಿತ್ರ ಕಣ್ಣಮುಂದೆ ಬಂದು ಸುದ್ದಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ 13ರಿಂದ 29 ವರ್ಷದೊಳಗಿನವರಲ್ಲಿ ಶೇ 17ರಿಂದ 21ರಷ್ಟು ಮಂದಿ ತಮಗೆ ಒಂಟಿತನ ಕಾಡುತ್ತಿದೆ ಎಂದಿದ್ದಾರೆ ಎಂಬುದೂ ಅದೇ ವರದಿಯಲ್ಲಿತ್ತು. ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಬೆಳೆದ, ನೂರಾರು ಸಂಪರ್ಕಗಳ ಪಟ್ಟಿ ಇರುವ ತಲೆಮಾರು ಇದು.

ಎರಡನೆಯದು ನ್ಯಾಯಾಲಯದ ಸುದ್ದಿ. ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್ಆ್ಯಪ್‌ಗಳನ್ನು ಕೊಂಡುಕೊಂಡು ಫೇಸ್‌ಬುಕ್ ಕಂಪನಿ (ಈಗ ಅದರ ಹೆಸರು ಮೆಟಾ) ಏಕಸ್ವಾಮ್ಯ ಸ್ಥಾಪಿಸಿದೆ ಎಂದು, ಮಾರುಕಟ್ಟೆಯ ಪೈಪೋಟಿಯ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2020ರಲ್ಲಿ ದಾವೆ ಹೂಡಿತ್ತು. ನವೆಂಬರ್ 18ರಂದು ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಅವರು ಮೆಟಾ ಕಂಪನಿಯ ಪರ ತೀರ್ಪು ಕೊಟ್ಟರು. ಕಂಪನಿ ಗೆದ್ದದ್ದಕ್ಕಿಂತ ಗೆದ್ದ ಬಗೆ ಗಮನಾರ್ಹ. ಜನ ಫೇಸ್‌ಬುಕ್‌ನಲ್ಲಿ ಕಳೆಯುವ ಸಮಯದಲ್ಲಿ ಶೇ 17, ಇನ್‌ಸ್ಟಾಗ್ರಾಮ್‌ನಲ್ಲಿ ಕಳೆಯುವ ಸಮಯದಲ್ಲಿ ಬರೀ ಶೇ 7 ಮಾತ್ರ ಗೆಳೆಯರು ಹಾಕಿದ್ದನ್ನು ನೋಡುವುದಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ಅಪರಿಚಿತರ ವಿಡಿಯೊ ಮತ್ತಿತರ ಸಾಮಗ್ರಿ. ಆದ್ದರಿಂದ ಈ ತಾಣಗಳ ಪೈಪೋಟಿ ಟಿಕ್‌ಟಾಕ್, ಯೂಟ್ಯೂಬ್‌ಗಳ ಜೊತೆಗಿದೆ, ಗೆಳೆಯರನ್ನು ಬೆಸೆಯುವ ಪ್ರತ್ಯೇಕ ಮಾರುಕಟ್ಟೆಯೊಂದನ್ನು ಕಂಪನಿ ಕೈವಶ ಮಾಡಿಕೊಂಡಿದೆ ಎನ್ನಲಾಗದು ಎಂಬುದು ತೀರ್ಪಿನ ಒಂದು ಮುಖ್ಯ ಎಳೆ.

ಗೆಳೆಯರ ಸುದ್ದಿ ತಿಳಿಯಲೆಂದೇ ಹುಟ್ಟಿದ ತಾಣಗಳಲ್ಲಿ ಗೆಳೆಯರೇ ಅಲ್ಪಸಂಖ್ಯಾತರಾಗಿದ್ದಾರೆ ಎಂಬುದು ಈಗ ನ್ಯಾಯಾಲಯದ ದಾಖಲೆ. ಈ ಎರಡು ಸುದ್ದಿಗಳ ನಡುವೆ ಸಂಬಂಧವಿದೆ. ಆದರೆ "ಮೊಬೈಲ್ ಬಂತು, ಸ್ನೇಹ ಹೋಯಿತು" ಎಂಬ ಸಿದ್ಧ ತೀರ್ಮಾನ ಹೇಳುವಷ್ಟು ಸರಳ ಸಂಬಂಧ ಅದಲ್ಲ.

ಇಪ್ಪತ್ತೈದರ ತಿರುವು

ಹದಿನೆಂಟರಿಂದ ಇಪ್ಪತ್ತರ ಕೊನೆಯವರೆಗಿನ ವಯಸ್ಸನ್ನು ಮನಶ್ಶಾಸ್ತ್ರಜ್ಞರು ಪ್ರತ್ಯೇಕ ಘಟ್ಟವಾಗಿ ನೋಡಲು ಆರಂಭಿಸಿದ್ದು ಇತ್ತೀಚೆಗೆ. ಬಾಲ್ಯವೂ ಅಲ್ಲದ, ಪೂರ್ತಿ ಪ್ರೌಢತ್ವವೂ ಅಲ್ಲದ ಹಂತವೊಂದು ಹುಟ್ಟಿಕೊಂಡಿದೆ ಎಂದು ಜೆಫ್ರಿ ಆರ್ನೆಟ್ 2000ದಲ್ಲಿ ವಾದಿಸಿದರು. ಓದು ಮುಗಿಯುವುದು, ಮೊದಲ ಕೆಲಸ, ಕೆಲಸ ಬಿಡುವುದು, ಊರು ಬದಲಾಯಿಸುವುದು, ಪ್ರೀತಿ, ಮದುವೆ, ಮದುವೆ ಬೇಡವೆಂಬ ನಿರ್ಧಾರ, ತಂದೆತಾಯಿಯ ಆರೋಗ್ಯದ ಚಿಂತೆ ಮೊದಲ ಬಾರಿಗೆ ಹೆಗಲಿಗೇರುವುದು, ಎಲ್ಲವೂ ಈ ಹತ್ತು ವರ್ಷಗಳಲ್ಲಿ ಒಂದರ ಮೇಲೊಂದು ಬಂದು ಬೀಳುತ್ತವೆ. ಬದುಕಿನಲ್ಲಿ ಹೇಳಿಕೊಳ್ಳುವ ವಿಷಯಗಳು ಅತಿ ಹೆಚ್ಚಿರುವ ಕಾಲ ಇದು. ಕೇಳುವವರು ಚದುರಿಹೋಗುವ ಕಾಲವೂ ಇದೇ.

ಯುರೋಪಿನ ಒಂದು ದೇಶದ ಸುಮಾರು 30 ಲಕ್ಷ ಮೊಬೈಲ್ ಬಳಕೆದಾರರ ಕರೆಗಳ ಮಾಹಿತಿಯನ್ನು ವಿಶ್ಲೇಷಿಸಿ ಫಿನ್ಲೆಂಡ್ ಮತ್ತು ಬ್ರಿಟನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಒಬ್ಬ ವ್ಯಕ್ತಿ ಮಾತನಾಡುವ ಜನರ ಸಂಖ್ಯೆ ಇಪ್ಪತ್ತೈದರ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ, ಆಮೇಲೆ ಇಳಿಯತೊಡಗುತ್ತದೆ. ಇಳಿಜಾರು ಶುರುವಾದದ್ದು ಆ ಕ್ಷಣದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಜಗಳವಾಗಿರುವುದಿಲ್ಲ, ಮನಸ್ತಾಪವಿರುವುದಿಲ್ಲ. ಹಿಂತಿರುಗಿ ನೋಡಿದಾಗಲೇ ಅಂತರ ಕಾಣುತ್ತದೆ.

ಹೀಗಾಗುವುದಕ್ಕೆ ಕಾರಣ ಸ್ನೇಹ ಹುಟ್ಟುವ ಬಗೆಯಲ್ಲೇ ಇದೆ. ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನ ಎಂದು ಕರೆಯುವಂತಾಗಲು ಸುಮಾರು 90 ಗಂಟೆ, ಆಪ್ತರಾಗಲು 200 ಗಂಟೆಗೂ ಹೆಚ್ಚು ಕಾಲ ಒಟ್ಟಿಗೆ ಕಳೆಯಬೇಕಾಗುತ್ತದೆ ಎಂದು ಅಮೆರಿಕದ ಸಂವಹನ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಅಂದಾಜು ಮಾಡಿದರು. ಹಾಸ್ಟೆಲಿನಲ್ಲಿ ಇನ್ನೂರು ಗಂಟೆ ಎಂದರೆ ಕೆಲವು ವಾರಗಳ ಮಾತು. ಒಂದೇ ಬೆಂಚು, ಒಂದೇ ಊಟದ ಸಾಲು, ಒಂದೇ ಪರೀಕ್ಷೆಯ ಭಯ. ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೊಮ್ಮೆ ಎರಡು ಗಂಟೆ ಸಿಗುವ ಹೊಸ ಪರಿಚಿತರೊಂದಿಗೆ ಅದೇ ಇನ್ನೂರು ಗಂಟೆ ಕೂಡಿಬರಲು ಎಂಟು ವರ್ಷ ಬೇಕು. ಹಳೆಯ ಸ್ನೇಹ ಕೈಜಾರಿದರೆ ಹೊಸದು ಅಷ್ಟು ಬೇಗ ಆ ಜಾಗ ತುಂಬುವುದಿಲ್ಲ ಎಂಬುದಕ್ಕೆ ಲೆಕ್ಕ ಇಷ್ಟೇ ಸಾಕು. ಇಪ್ಪತ್ತರ ಹರೆಯದ ಒಂಟಿತನಕ್ಕೆ ಮನಸ್ಸಿನ ದೌರ್ಬಲ್ಯವನ್ನು ದೂರುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಸಣ್ಣ ಸುದ್ದಿ ಮಾಡುವ ಕೆಲಸ

ಜೊತೆಗೇ ಇದ್ದಾಗ ಯಾರೂ ಯಾರಿಗೂ ಸುದ್ದಿ ಹೇಳಬೇಕಾಗಿರಲಿಲ್ಲ. ಗೆಳತಿ ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ಎಂಬುದು ಬೆಳಿಗ್ಗೆ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ದೂರವಾದ ಮೇಲೆ ಪ್ರತಿಯೊಂದನ್ನೂ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಹೇಳುವಾಗ ಮನುಷ್ಯರು ಆಯ್ಕೆ ಮಾಡುತ್ತಾರೆ. ಹೊಸ ಕೆಲಸ ಸಿಕ್ಕಿದ್ದನ್ನು ಹೇಳುತ್ತಾರೆ. ಆ ಕಚೇರಿಯಲ್ಲಿ ಮಧ್ಯಾಹ್ನ ಯಾರ ಜೊತೆ ಊಟಕ್ಕೆ ಕೂರುವುದೆಂದು ತಿಳಿಯದೆ ಮೊದಲ ವಾರವೆಲ್ಲ ಮೆಟ್ಟಿಲ ಬಳಿ ಮೊಬೈಲ್ ನೋಡುತ್ತಾ ನಿಂತದ್ದನ್ನು ಹೇಳುವುದಿಲ್ಲ. ಅದು ಹೇಳುವಂಥ ವಿಷಯವೇ ಅನ್ನಿಸುವುದಿಲ್ಲ.

ಆದರೆ ಸಂಬಂಧವನ್ನು ಹಿಡಿದಿಡುವುದು ಇಂಥವೇ. ನಿತ್ಯದ ಚಿಲ್ಲರೆ ಮಾತು ಸಂಬಂಧದ ಅಲಂಕಾರವಲ್ಲ, ಸಂಬಂಧ ನಡೆಯುವುದೇ ಅದರ ಮೂಲಕ ಎಂದು ಸ್ಟೀವ್ ಡಕ್ ಅವರಂಥ ಸಂವಹನ ವಿದ್ವಾಂಸರು ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡಬಹುದು.

ಒಬ್ಬಾತ ಗೆಳೆಯನಿಗೆ "ಕೆಲಸ ಬಿಟ್ಟೆ" ಎಂದು ಬರೆಯುತ್ತಾನೆ. ಆ ಗೆಳೆಯನಿಗೆ ಹಿಂದಿನ ಕಥೆಯೆಲ್ಲ ಗೊತ್ತಿದ್ದರೆ, ಅಂದರೆ ಸಂಜೆ ಏಳಕ್ಕೆ ಸಭೆ ಕರೆಯುವ ಮೇಲಧಿಕಾರಿ, ಮುಂದಕ್ಕೆ ಹೋಗುತ್ತಲೇ ಇದ್ದ ಬಡ್ತಿ, ಬೇರೆ ಕಡೆ ಸಂದರ್ಶನಕ್ಕೆ ಹೋಗಿ ವಾಪಸಾದದ್ದು, ಎರಡೇ ಪದ ಸಾಕು. "ಅಬ್ಬಾ, ಕೊನೆಗೂ" ಎಂಬ ಉತ್ತರ ಬರುತ್ತದೆ, ಬರೆದವನ ಎದೆ ಹಗುರಾಗುತ್ತದೆ. ಹಿಂದಿನದು ಏನೂ ಗೊತ್ತಿಲ್ಲದ ಗೆಳೆಯನಿಗೆ ಇದೇ ಎರಡು ಪದ ಗಾಬರಿ ಹುಟ್ಟಿಸುತ್ತವೆ. "ಯಾಕೆ? ಏನಾಯಿತು? ಬೇರೆ ಸಿಕ್ಕಿದೆಯಾ?" ಅವನ ಕಾಳಜಿಯಲ್ಲಿ ಕೊರತೆಯಿಲ್ಲ. ಆದರೆ ಈಗ ಎರಡು ವರ್ಷದ ಕಥೆಯನ್ನು ಮೊದಲಿನಿಂದ ಹೇಳಬೇಕು. ದಣಿದ ದಿನ ಅದಕ್ಕೆ ಯಾರಿಗೆ ತ್ರಾಣವಿರುತ್ತದೆ? "ಸಿಕ್ಕಾಗ ಹೇಳುತ್ತೇನೆ" ಎಂದು ಮಾತು ಮುಗಿಯುತ್ತದೆ. ಮುಂದಿನ ಘಟನೆ ನಡೆದಾಗ ಹೇಳಬೇಕಾದದ್ದು ಇನ್ನೂ ಹೆಚ್ಚಿರುತ್ತದೆ. ಹೇಳದೆ ಉಳಿದದ್ದು ಹೀಗೆ ಸಾಲದ ಮೇಲಿನ ಬಡ್ಡಿಯಂತೆ ಬೆಳೆಯುತ್ತದೆ, ಒಂದು ಹಂತದ ನಂತರ ತೀರಿಸುವ ಯೋಚನೆಯನ್ನೇ ಇಬ್ಬರೂ ಕೈಬಿಡುತ್ತಾರೆ.

ಇಪ್ಪತ್ತೆಂಟರ ವಯಸ್ಸಿನವರ ಮೊಬೈಲಿನಲ್ಲಿ ಹಳೆಯ ಆಪ್ತರೊಬ್ಬರ ಚಾಟ್ ತೆರೆದು ಮೇಲಕ್ಕೆ ಸರಿಸುತ್ತಾ ಹೋದರೆ ಈ ಪ್ರಕ್ರಿಯೆ ಕಣ್ಣಿಗೇ ಕಾಣುತ್ತದೆ. ಕೆಳಗಡೆ ಈ ವರ್ಷದ ಹುಟ್ಟುಹಬ್ಬದ ಶುಭಾಶಯ, ಅದಕ್ಕೊಂದು ಧನ್ಯವಾದ, "ಹೇಗಿದ್ದೀಯ?", "ಚೆನ್ನಾಗಿದ್ದೇನೆ, ನೀನು?", "ನಾನೂ. ಬೇಗ ಸಿಗೋಣ". ಅದರ ಮೇಲೆ ಬೇರೇನೂ ಇಲ್ಲದೆ ನೇರವಾಗಿ ಹೋದ ವರ್ಷದ ಹುಟ್ಟುಹಬ್ಬದ ಶುಭಾಶಯ. ಅದರ ಮೇಲೆ ಆಚೆ ವರ್ಷದ್ದು. ಇನ್ನೂ ಮೇಲಕ್ಕೆ ಹೋದರೆ ಒಮ್ಮೆಲೇ ಸಂದೇಶಗಳ ರಾಶಿ ಸಿಗುತ್ತದೆ: ಅರ್ಧ ವಾಕ್ಯಗಳು, ಬಸ್ಸಿನ ಕಿಟಕಿಯಿಂದ ತೆಗೆದ ಮಸುಕು ಚಿತ್ರ, ಯಾವುದೋ ಅಂಗಿ ಹೇಗಿದೆ ಎಂಬ ಪ್ರಶ್ನೆ, ನಡುರಾತ್ರಿಯ "ಎದ್ದಿದ್ದೀಯಾ?". ಆ ರಾಶಿಯಲ್ಲಿ ಮಹತ್ವದ್ದೆಂದು ಹೇಳಬಹುದಾದ ಒಂದು ಸಂದೇಶವೂ ಇರಲಿಕ್ಕಿಲ್ಲ. ಸ್ನೇಹ ಇದ್ದದ್ದು ಅಲ್ಲಿ.

ಹೇಳುವುದು ಅರ್ಧವಾದರೆ ಕೇಳಿಸಿಕೊಳ್ಳುವುದು ಇನ್ನರ್ಧ. ಒಳ್ಳೆಯ ಸುದ್ದಿಯನ್ನು ಆಪ್ತರೊಂದಿಗೆ ಹಂಚಿಕೊಂಡಾಗ ಆ ಘಟನೆ ಕೊಟ್ಟ ಸಂತೋಷಕ್ಕಿಂತ ಹೆಚ್ಚಿನ ಸಂತೋಷ ಸಿಗುತ್ತದೆ ಎಂದು ಶೆಲ್ಲಿ ಗೇಬಲ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ತೋರಿಸಿದರು. ಕೇಳಿದವರು ಆಸಕ್ತಿಯಿಂದ ಮರುಪ್ರಶ್ನೆ ಕೇಳಿದಾಗ ಸಂಬಂಧ ಗಟ್ಟಿಯಾಗುತ್ತದೆ. ಉದಾಸೀನದ "ಒಳ್ಳೆಯದಾಯಿತು" ಅಂಥ ಫಲ ಕೊಡುವುದಿಲ್ಲ ಎಂಬುದೂ ಅವರ ಸಂಶೋಧನೆಗಳಲ್ಲಿ ಕಂಡುಬಂತು. ಹೆಬ್ಬೆರಳಿನ ಚಿಹ್ನೆಯೊಂದನ್ನು ಒತ್ತಿ ಮುಂದೆ ಹೋಗುವುದನ್ನು ಈ ಬೆಳಕಿನಲ್ಲಿ ನೋಡಬೇಕು. ಅದು ಸುದ್ದಿ ತಲುಪಿತೆಂಬ ರಸೀದಿ ಕೊಡುತ್ತದೆ, ಮಾತು ಮುಂದುವರಿಸುವುದಿಲ್ಲ.

ತಾಣಗಳು ಹೊತ್ತಿದ್ದ ಹೊರೆ

ಇಲ್ಲಿ ಒಂದು ನ್ಯಾಯಯುತ ಪ್ರಶ್ನೆ ಏಳುತ್ತದೆ. ಓದು ಮುಗಿಸಿ ಚದುರಿಹೋಗುವುದು ಹೊಸದೇನಲ್ಲ. ಹಾಗಿದ್ದರೆ ಈಗಿನ ತಲೆಮಾರಿಗೆ ಮಾತ್ರ ಏನು ವಿಶೇಷ?

ಉತ್ತರ ನಡುವೆ ಬಂದುಹೋದ ಒಂದು ಕಾಲಘಟ್ಟದಲ್ಲಿದೆ. 2004ರಲ್ಲಿ ಫೇಸ್‌ಬುಕ್ ಕಾಲೇಜು ವಿದ್ಯಾರ್ಥಿಗಳ ತಾಣವಾಗಿ ಶುರುವಾಯಿತು. 2006ರಲ್ಲಿ ಅದು ನ್ಯೂಸ್ ಫೀಡ್ ತಂದಾಗ ಬಳಕೆದಾರರು ದೊಡ್ಡ ಪ್ರತಿಭಟನೆಯನ್ನೇ ಮಾಡಿದ್ದರು. ಗೆಳೆಯರ ಪ್ರತಿ ಸಣ್ಣ ಚಲನವಲನವೂ ತಾನಾಗಿ ಕಣ್ಣಮುಂದೆ ಬಂದು ಬೀಳುವುದು ಅವರಿಗೆ ಇರುಸುಮುರುಸಾಗಿತ್ತು. ಬೇಗನೆ ಅದೇ ಅಭ್ಯಾಸವಾಯಿತು. 2010ರಲ್ಲಿ ಬಂದ ಇನ್‌ಸ್ಟಾಗ್ರಾಮ್‌ನಲ್ಲೂ ಆರಂಭದ ವರ್ಷಗಳಲ್ಲಿ ನಾಯಿಮರಿ, ಮೋಡ, ಹೊಸ ಬಾಡಿಗೆ ಕೋಣೆಯ ಖಾಲಿ ಗೋಡೆ ಇಂಥವೇ ಇರುತ್ತಿದ್ದವು. ಯಾರಿಗೂ ಕರೆ ಮಾಡದೆ, ಪತ್ರ ಬರೆಯದೆ, ಗೆಳೆಯರ ಬದುಕು ಸುಮಾರಾಗಿ ಹೇಗೆ ನಡೆದಿದೆ ಎಂಬುದು ತಿಳಿಯುತ್ತಿತ್ತು. ಮುಂದೊಮ್ಮೆ ಮಾತಿಗೆ ಕುಳಿತಾಗ "ಆ ನಾಯಿಮರಿ ಹೇಗಿದೆ?" ಎಂದು ಕೇಳಲು ಒಂದು ತುದಿ ಸಿಗುತ್ತಿತ್ತು. ಸಣ್ಣ ಸುದ್ದಿ ಸಾಗಿಸುವ ಹೊರೆಯನ್ನು ತಾಣಗಳು ಹೊತ್ತುಕೊಂಡಿದ್ದವು, ಒಂದಿಡೀ ತಲೆಮಾರು ಆ ಹೊರೆಯನ್ನು ತಾನು ಹೊರುವ ಅಭ್ಯಾಸ ಬಿಟ್ಟುಬಿಟ್ಟಿತು.

ಆಮೇಲೆ ಎರಡು ಬದಲಾವಣೆಗಳು ಒಟ್ಟಿಗೆ ನಡೆದವು. ಮೊದಲನೆಯದು, ನೋಡುಗರು ಬದಲಾದರು. ಹತ್ತು ಗೆಳೆಯರಿದ್ದ ಪಟ್ಟಿಗೆ ಚಿಕ್ಕಪ್ಪ, ಮೇಲಧಿಕಾರಿ, ಹಳೆಯ ಮೇಷ್ಟ್ರು, ಭಾವಿ ಬೀಗರು ಎಲ್ಲರೂ ಬಂದು ಸೇರಿದರು. ಇಷ್ಟು ಜನರ ಮುಂದೆ "ಇವತ್ತು ಯಾಕೋ ಬೇಸರ" ಎಂದು ಬರೆಯಲಾಗುವುದಿಲ್ಲ. ಹಾಗಾಗಿ ಎಲ್ಲರಿಗೂ ತೋರಿಸಬಹುದಾದದ್ದು ಮಾತ್ರ ಉಳಿಯಿತು: ಪದವಿ, ನಿಶ್ಚಿತಾರ್ಥ, ಮದುವೆ, ಮಗು, ಪ್ರವಾಸ, ಬಡ್ತಿ. ಎರಡನೆಯದು, ಕಂಪನಿಗಳ ಲೆಕ್ಕಾಚಾರ ಬದಲಾಯಿತು. ಗೆಳೆಯರು ದಿನಕ್ಕೆ ಹಾಕುವುದು ಎಷ್ಟಿದ್ದರೂ ಅದಕ್ಕೊಂದು ಮಿತಿಯಿದೆ. ಅಪರಿಚಿತರ ವಿಡಿಯೊಗಳಿಗೆ ಕೊನೆಯೇ ಇಲ್ಲ. ಜನ ತಾಣದಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಜಾಹೀರಾತಿನ ಆದಾಯ ಹೆಚ್ಚು. ಟಿಕ್‌ಟಾಕ್ ಈ ದಾರಿಯಲ್ಲಿ ಗೆದ್ದದ್ದನ್ನು ಕಂಡು ಉಳಿದವರೂ ಅತ್ತಲೇ ನಡೆದರು. ಗೆಳೆಯರು ಕಡಿಮೆ ಬರೆದರು, ಬರೆದದ್ದು ಕಡಿಮೆ ಕಾಣಿಸಿತು, ಕಾಣಿಸದಿದ್ದಾಗ ಬರೆಯುವ ಉಮೇದು ಇನ್ನಷ್ಟು ಇಳಿಯಿತು. ನ್ಯಾಯಾಲಯದ ಮುಂದೆ ಬಂದ ಶೇ 7 ಈ ಸುತ್ತಾಟದ ಫಲ.

ಇದರ ಪರಿಣಾಮ ಎಷ್ಟು ಸದ್ದಿಲ್ಲದ್ದು ಎಂದರೆ, ಅನೇಕರಿಗೆ ತಾವಿನ್ನೂ ಸಂಪರ್ಕದಲ್ಲಿದ್ದೇವೆ ಎಂದೇ ಅನ್ನಿಸುತ್ತದೆ. ಗೆಳತಿಯ ಮದುವೆಯ ಚಿತ್ರ ನೋಡಿದ್ದೇವೆ, ಶುಭ ಕೋರಿದ್ದೇವೆ. ಆ ಮದುವೆಗೆ ಮುನ್ನ ಆಕೆ ಎಷ್ಟು ತಿಂಗಳು ಗೊಂದಲದಲ್ಲಿದ್ದಳು ಎಂಬುದು ಮಾತ್ರ ಗೊತ್ತಿಲ್ಲ, ಗೊತ್ತಿಲ್ಲ ಎಂಬುದೂ ಗೊತ್ತಿಲ್ಲ.

ವಾಟ್ಸ್ಆ್ಯಪ್ ಗುಂಪುಗಳು ಈ ಜಾಗ ತುಂಬಿಲ್ಲವೇ ಎಂದು ಕೇಳಬಹುದು. ಸ್ವಲ್ಪ ತುಂಬಿವೆ. ಮೂರು-ನಾಲ್ಕು ಜನರ ಗುಂಪಿನಲ್ಲಿ ಸಣ್ಣ ಸುದ್ದಿ ಇನ್ನೂ ಓಡಾಡುತ್ತದೆ. ಇಪ್ಪತ್ತು-ಮೂವತ್ತು ಜನರ ತರಗತಿ ಗುಂಪು ಮಾತ್ರ ಬೇಗ ಸೂಚನಾ ಫಲಕವಾಗಿಬಿಡುತ್ತದೆ. ಅಲ್ಲಿ ಮೊದಲು ಮೌನವಾಗುವವರು ಯಾರೆಂದು ಗಮನಿಸಬೇಕು: ಕೆಲಸ ಸಿಗದವರು, ಪರೀಕ್ಷೆಯಲ್ಲಿ ಹಿಂದೆ ಬಿದ್ದವರು, ಸಂಬಂಧ ಮುರಿದವರು. ಎಲ್ಲರ ಏಳಿಗೆಯ ಸುದ್ದಿಗಳ ನಡುವೆ ತಮ್ಮದನ್ನು ಹೇಳಿಕೊಳ್ಳಲು ಅವರಿಗೆ ಜಾಗವಿರುವುದಿಲ್ಲ. ಗೆಳೆಯರ ಅಗತ್ಯ ಹೆಚ್ಚಿರುವವರೇ ಹೀಗೆ ಮೊದಲು ಕಣ್ಮರೆಯಾಗುತ್ತಾರೆ ಎಂಬುದು ಈ ಇಡೀ ವಿಷಯದಲ್ಲಿ ಅತ್ಯಂತ ನೋವಿನ ಸಂಗತಿ.

ಪರ, ವಿರೋಧ ಮತ್ತು ಮೂರನೆಯ ಮಾತು

ತಜ್ಞರಲ್ಲಿ ಒಮ್ಮತವಿಲ್ಲ. ಈ ಒಂಟಿತನಕ್ಕೆ ಸ್ಮಾರ್ಟ್‌ಫೋನೇ ಮೂಲ ಕಾರಣ ಎಂಬುದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೀನ್ ಟ್ವೆಂಗಿ, ಜೊನಾಥನ್ ಹೈಟ್ ಮೊದಲಾದವರ ನಿಲುವು. ಮುಖಾಮುಖಿ ಭೇಟಿಯ ಸಮಯ ಕುಸಿದಿರುವುದಕ್ಕೆ ಆಧಾರಗಳಿವೆ. ಅಮೆರಿಕದಲ್ಲಿ 15ರಿಂದ 24 ವರ್ಷದವರು ಗೆಳೆಯರೊಂದಿಗೆ ನೇರವಾಗಿ ಕಳೆಯುತ್ತಿದ್ದ ಸಮಯ 2003ರಲ್ಲಿ ದಿನಕ್ಕೆ ಸುಮಾರು 150 ನಿಮಿಷ ಇದ್ದದ್ದು 2020ರಲ್ಲಿ 40 ನಿಮಿಷಕ್ಕೆ ಇಳಿದಿತ್ತು ಎಂದು ಅಲ್ಲಿನ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಉನ್ನತ ಅಧಿಕಾರಿ) ಆಗಿದ್ದ ವಿವೇಕ್ ಮೂರ್ತಿ 2023ರ ಎಚ್ಚರಿಕೆ ಪತ್ರದಲ್ಲಿ ಬರೆದರು. 2020 ಕೋವಿಡ್ ವರ್ಷ ಎಂಬುದನ್ನು ಮರೆಯುವಂತಿಲ್ಲ. ಆದರೆ ಇಳಿಕೆ ಅದಕ್ಕೂ ಮೊದಲೇ ಶುರುವಾಗಿತ್ತು.

ಇದಕ್ಕೆ ಎದುರಾಗಿ, ಈ ವಯಸ್ಸಿನಲ್ಲಿ ಒಂಟಿತನ ಹೆಚ್ಚಿರುವುದು ಸಹಜ ಎನ್ನುವವರಿದ್ದಾರೆ. ಹಲವು ದೇಶಗಳ ಒಂಬತ್ತು ದೀರ್ಘಕಾಲೀನ ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಒಂಟಿತನ ಯೌವನದಲ್ಲಿ ಹೆಚ್ಚಿರುತ್ತದೆ, ನಡುವಯಸ್ಸಿನಲ್ಲಿ ತಗ್ಗುತ್ತದೆ, ಮುಪ್ಪಿನಲ್ಲಿ ಮತ್ತೆ ಏರುತ್ತದೆ. ವಯಸ್ಸಾದಂತೆ ಜನ ತಮ್ಮ ವಲಯವನ್ನು ತಾವೇ ಕಿರಿದು ಮಾಡಿಕೊಳ್ಳುತ್ತಾರೆ, ಆಪ್ತರಿಗೆ ಹೆಚ್ಚು ಸಮಯ ಕೊಡುತ್ತಾರೆ ಎಂದು ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ವಿವರಿಸುತ್ತಾರೆ. ಎಲ್ಲ ಸ್ನೇಹಗಳೂ ಉಳಿಯಲೇಬೇಕೆಂಬ ನಿಯಮವೇನೂ ಇಲ್ಲ, ಕೆಲವು ಕಳಚಿಕೊಳ್ಳುವುದು ಆರೋಗ್ಯಕರವೇ.

ಈ ಎಳೆದಾಟದಲ್ಲಿ ನನಗೆ ಹೆಚ್ಚು ತೂಕದ್ದೆನಿಸುವುದು 2021ರ ಒಂದು ಸಮಗ್ರ ವಿಶ್ಲೇಷಣೆ. 18ರಿಂದ 29 ವಯಸ್ಸಿನವರ ಕುರಿತ 345 ಅಧ್ಯಯನಗಳನ್ನು ಅದು ಪರಿಶೀಲಿಸಿತು. 1976ರಿಂದ 2019ರವರೆಗೆ ಈ ವಯೋಮಾನದಲ್ಲಿ ಒಂಟಿತನ ನಿಧಾನವಾಗಿ, ಆದರೆ ಸತತವಾಗಿ ಏರಿದೆ. ಎರಡೂ ಬದಿಗಳಿಗೆ ಇದು ಮುಜುಗರ ತರುವ ಉತ್ತರ. ಏರಿಕೆ ನಿಜವಾದ್ದರಿಂದ "ಎಂದಿನಿಂದಲೂ ಹೀಗೇ" ಎನ್ನಲಾಗದು. ಮೊಬೈಲ್ ಇರದ ಕಾಲದಲ್ಲೇ ಶುರುವಾದದ್ದರಿಂದ ತಪ್ಪನ್ನೆಲ್ಲ ಅದರ ತಲೆಗೆ ಕಟ್ಟಲೂ ಆಗದು. ಓದಿಗೂ ಕೆಲಸಕ್ಕೂ ಹೆಚ್ಚು ಸಲ ನೆಲೆ ಬದಲಿಸುವುದು, ತಡವಾಗುವ ಮದುವೆ, ಹೊತ್ತುಗೊತ್ತಿಲ್ಲದ ಕೆಲಸದ ಪಾಳಿ ಇವೆಲ್ಲ ಸೇರಿ ಸ್ನೇಹಕ್ಕೆ ಬೇಕಾದ ಗಂಟೆಗಳನ್ನು ಮೊದಲೇ ಕಡಿತಗೊಳಿಸಿದ್ದವು. ತಾಣಗಳು ಕೆಲವು ವರ್ಷ ಆ ಕೊರತೆಯನ್ನು ಮುಚ್ಚಿಟ್ಟವು. ಈಗ ಅವು ಕೈ ತೆಗೆದಾಗ ಕೊರತೆ ಬಯಲಿಗೆ ಬಿದ್ದಿದೆ.

ಮೊದಲ ಸಂದೇಶದ ಸಂಕೋಚ

ಹಾಗಿದ್ದರೆ ಒಂದು ಸಂದೇಶ ಕಳಿಸಿದರಾಯಿತಲ್ಲ, ಅಡ್ಡಿ ಏನು? ಕೇಳುವುದು ಸುಲಭ. ಮನಶ್ಶಾಸ್ತ್ರಜ್ಞರಾದ ಲಾರಾ ಆಕ್ನಿನ್ ಮತ್ತು ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದರು. ಮಾತು ತಪ್ಪಿಹೋದ ಹಳೆಯ ಗೆಳೆಯರೊಬ್ಬರನ್ನು ನೆನೆಯಲು ಹೇಳಿ, ಸಂದೇಶ ಬರೆಸಿ, ಕಳಿಸಲು ಅಲ್ಲೇ ಸಮಯ ಕೊಟ್ಟರು. ವಿಳಾಸ, ಸಂಖ್ಯೆ ಎಲ್ಲ ಇತ್ತು, ಕಳಿಸುವ ಇಚ್ಛೆಯೂ ಇತ್ತು. ಆದರೂ ಕಳಿಸಿದವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹಳೆಯ ಗೆಳೆಯ ಬರಬರುತ್ತಾ ಅಪರಿಚಿತನಂತೆ ಅನ್ನಿಸತೊಡಗುತ್ತಾನೆ, ಅಪರಿಚಿತರೊಂದಿಗೆ ಮಾತು ಶುರುಮಾಡುವಾಗಿನ ಅಳುಕೇ ಇಲ್ಲೂ ಅಡ್ಡ ನಿಲ್ಲುತ್ತದೆ ಎಂಬುದು ಅವರ ವಿವರಣೆ.

ಅಳುಕಿಗೆ ಆಧಾರವಿದೆಯೇ ಎಂದು ನೋಡಿದರೆ, ಇಲ್ಲ. ಅನಿರೀಕ್ಷಿತವಾಗಿ ನೆನಪಿಸಿಕೊಂಡು ಸಂಪರ್ಕಿಸಿದರೆ ಎದುರಿನವರಿಗೆ ಎಷ್ಟು ಖುಷಿಯಾಗುತ್ತದೆ ಎಂಬುದನ್ನು ಕಳಿಸುವವರು ಸತತವಾಗಿ ಕಡಿಮೆ ಅಂದಾಜು ಮಾಡುತ್ತಾರೆ ಎಂದು ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಸರಣಿ ಪ್ರಯೋಗಗಳ ಮೂಲಕ ತೋರಿಸಿದರು. ನಿರೀಕ್ಷೆಯೇ ಇಲ್ಲದಾಗ ಬಂದ ಸಂದೇಶಕ್ಕೆ ಬೆಲೆ ಹೆಚ್ಚು. ಹುಟ್ಟುಹಬ್ಬದ ಶುಭಾಶಯಕ್ಕೆ ಈ ಗುಣವಿಲ್ಲ, ಏಕೆಂದರೆ ಅದು ನಿರೀಕ್ಷಿತ. ಸುಮ್ಮನೆ ಮಂಗಳವಾರ ಮಧ್ಯಾಹ್ನ ಬಂದ "ನೀನು ಹೇಳುತ್ತಿದ್ದೆಯಲ್ಲ, ಆ ಹಸಿರು ಬಣ್ಣದ ಛತ್ರಿ, ಅಂಥದ್ದೇ ಒಂದು ಕಂಡೆ" ಎಂಬುದಕ್ಕೆ ಇದೆ. ಕರೆಯ ವಿಷಯದಲ್ಲೂ ಇದೇ ಕಥೆ. ಹಳೆಯ ಗೆಳೆಯರಿಗೆ ಕರೆ ಮಾಡಿದರೆ ಮುಜುಗರವಾದೀತು ಎಂದು ಜನ ಹೆದರುತ್ತಾರೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ನಡೆಸಿದ ಪ್ರಯೋಗಗಳಲ್ಲಿ ಧ್ವನಿಯ ಮಾತು ಬರಹಕ್ಕಿಂತ ಹೆಚ್ಚು ಹತ್ತಿರ ತಂದಿತು, ಮುಜುಗರ ಮಾತ್ರ ಹೆಚ್ಚಾಗಲಿಲ್ಲ.

ಎಲ್ಲರಿಗೂ ಒಂದೇ ಮದ್ದು ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಶಾಲೆ ಮುಗಿಸಿ ವಿಶ್ವವಿದ್ಯಾಲಯಕ್ಕೆ, ಕೆಲಸಕ್ಕೆ ಹೊರಟ ಮೂವತ್ತು ಬ್ರಿಟಿಷ್ ವಿದ್ಯಾರ್ಥಿಗಳನ್ನು ರಾಬಿನ್ ಡನ್ಬಾರ್ ಮತ್ತು ಸ್ಯಾಮ್ ರಾಬರ್ಟ್ಸ್ 18 ತಿಂಗಳು ಗಮನಿಸಿದರು. ಹುಡುಗಿಯರ ಸ್ನೇಹ ಉಳಿಯಲು ಮಾತು ನೆರವಾಯಿತು, ಹುಡುಗರದು ಉಳಿಯಲು ಒಟ್ಟಿಗೆ ಏನಾದರೂ ಮಾಡುವುದು ನೆರವಾಯಿತು. ಮಾದರಿ ಚಿಕ್ಕದು, ಸಾರ್ವತ್ರಿಕ ನಿಯಮವೆಂದು ಹಿಡಿಯಬಾರದು. ಆದರೂ "ಕರೆ ಮಾಡಿ ಮಾತನಾಡು" ಎಂಬ ಸಲಹೆ ಅನೇಕ ಯುವಕರಿಗೆ ಏಕೆ ನಾಟುವುದಿಲ್ಲ ಎಂಬುದಕ್ಕೆ ಇದರಲ್ಲಿ ಸುಳಿವಿದೆ. ದೂರದಲ್ಲಿದ್ದೇ ಒಟ್ಟಿಗೆ ಆಡುವ ಆಟ, ಒಂದೇ ಪಂದ್ಯವನ್ನು ಎರಡು ಊರುಗಳಿಂದ ನೋಡುತ್ತಾ ಆಡುವ ಮಾತು ಅಂಥವರ ನಡುವೆ ಸಣ್ಣ ಸುದ್ದಿಗೆ ದಾರಿ ಮಾಡಿಕೊಡುತ್ತವೆ.

ಮುಂದೇನಾಗಬಹುದು

ಆರೋಗ್ಯದ ಮಾತು ಮೊದಲು. ಒಂಟಿತನಕ್ಕೂ ವರ್ಷಕ್ಕೆ 8.71 ಲಕ್ಷಕ್ಕೂ ಹೆಚ್ಚು ಸಾವುಗಳಿಗೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಸಾವಿನ ಪ್ರಮಾಣಪತ್ರದಲ್ಲಿ ಒಂಟಿತನ ಎಂದು ಯಾರೂ ಬರೆಯುವುದಿಲ್ಲ. ಹೃದ್ರೋಗ, ಪಾರ್ಶ್ವವಾಯು, ಖಿನ್ನತೆಗಳ ಅಪಾಯ ಅದರಿಂದ ಹೆಚ್ಚುವ ಲೆಕ್ಕವಿದು. ಇಪ್ಪತ್ತರಲ್ಲಿ ತೆಳುವಾದ ಸ್ನೇಹವಲಯದ ಬೆಲೆ ತೆರುವುದು ಬಹುಮಟ್ಟಿಗೆ ಆಮೇಲೆ, ಹಾಗಾಗಿ ಈಗ ಅದು ಯಾರ ಗಮನಕ್ಕೂ ಬರುವುದಿಲ್ಲ.

ಎರಡನೆಯ ಪರಿಣಾಮ ಮನೆಯೊಳಗೇ ಕಾಣಿಸಿಕೊಳ್ಳುತ್ತದೆ. ಗೆಳೆಯರಿಗೆ ಹೇಳುತ್ತಿದ್ದ ಎಲ್ಲವನ್ನೂ ಸಂಗಾತಿಯೊಬ್ಬರಿಗೇ ಹೇಳುವಂತಾದಾಗ ಆ ಒಂದು ಸಂಬಂಧದ ಮೇಲೆ ಭಾರ ಹೆಚ್ಚುತ್ತದೆ. ಅದು ಮುರಿದರೆ ಸಂಗಾತಿಯ ಜೊತೆಗೆ ಕೇಳುವ ಕಿವಿಯೂ ಹೋಗುತ್ತದೆ.

ಸರ್ಕಾರಗಳು ಎಚ್ಚೆತ್ತಿವೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೆ ವಹಿಸಿದವು. ಉದ್ಯಾನ, ಗ್ರಂಥಾಲಯ, ಆಟದ ಮೈದಾನಗಳಿಗೆ ಹಣ ಹಾಕುವುದು ಅಗತ್ಯವೇ. ಆದರೆ ಇಂಥ ಯೋಜನೆಗಳು ಹೊಸ ಪರಿಚಯಕ್ಕೆ ದಾರಿ ಮಾಡುತ್ತವೆ. ಆರು ಊರುಗಳಲ್ಲಿ ಚದುರಿದ ಹಳೆಯ ಗೆಳೆಯರ ನಡುವೆ ಅವು ಏನೂ ಮಾಡಲಾರವು. ಅದಕ್ಕೆ ಬೇಕಾದದ್ದು ಕೆಲಸದಿಂದ ಬಿಡುವಾಗುವ ಸಂಜೆಗಳು, ಅದು ಉದ್ಯೋಗ ನೀತಿಯ ಪ್ರಶ್ನೆ.

ಖಾಲಿ ಬಿದ್ದ ಜಾಗಕ್ಕೆ ಬೇರೆ ಉಮೇದುವಾರರೂ ಬಂದಿದ್ದಾರೆ. ಸರಾಸರಿ ಅಮೆರಿಕನ್ನರಿಗೆ ಮೂವರಿಗಿಂತ ಕಡಿಮೆ ಗೆಳೆಯರಿದ್ದಾರೆ, ಬೇಕಿರುವುದು ಹದಿನೈದರಷ್ಟು ಎಂದು ಮೆಟಾ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ 2025ರ ಸಂದರ್ಶನವೊಂದರಲ್ಲಿ ಹೇಳಿದರು. ಕೃತಕ ಬುದ್ಧಿಮತ್ತೆಯ ಸಂಗಾತಿಗಳ ಕುರಿತ ಪ್ರಶ್ನೆಗೆ ಉತ್ತರಿಸುವಾಗ ಬಂದ ಮಾತು ಅದು. ನೇರ ಒಡನಾಟಕ್ಕೆ ಅವು ಬಹುಶಃ ಬದಲಿಯಾಗಲಾರವು ಎಂದೂ ಅವರು ಒಪ್ಪಿಕೊಂಡರು. ಇಂಥ ಸಂಗಾತಿಗೆ ರಾತ್ರಿ ಎರಡು ಗಂಟೆಯಲ್ಲೂ ಸಣ್ಣ ಸುದ್ದಿ ಹೇಳಬಹುದು, ಅದು ಎಲ್ಲವನ್ನೂ ನೆನಪಿಟ್ಟುಕೊಂಡು ಮರುಪ್ರಶ್ನೆ ಕೇಳಬಲ್ಲದು. ಕಷ್ಟದಲ್ಲಿರುವ ಒಬ್ಬರಿಗೆ ಆ ಹೊತ್ತಿಗೆ ಅದು ಆಸರೆಯೂ ಆದೀತು. ಆದರೆ ಅದಕ್ಕೆ ಹೇಳಿಕೊಳ್ಳಲು ತನ್ನದೊಂದು ದಿನವಿಲ್ಲ, ಅದರ ತಾಯಿಗೆ ಹುಷಾರಿಲ್ಲದಾಗುವುದಿಲ್ಲ, ಅದಕ್ಕೆ ನಾವು ಬೇಕಾಗುವುದಿಲ್ಲ. ಕೇಳಿಸಿಕೊಳ್ಳುವ ಅಭ್ಯಾಸ ಒಂದೇ ದಿಕ್ಕಿನಲ್ಲಿ ಬೆಳೆದ ತಲೆಮಾರು ಮನುಷ್ಯರ ಸ್ನೇಹಕ್ಕೆ ಮರಳಿದಾಗ ಅದಕ್ಕೆ ಬೇಕಾದ ತಾಳ್ಮೆ ಉಳಿದಿರುತ್ತದೆಯೇ ಎಂಬುದು ಇನ್ನು ಹತ್ತು ವರ್ಷಗಳಲ್ಲಿ ಗೊತ್ತಾಗಬೇಕಾದ ವಿಷಯ.

ಅಲ್ಲಿಯವರೆಗೆ ಕೈಯಲ್ಲಿರುವ ಸಾಕ್ಷ್ಯ ಚಿಕ್ಕದಾದರೂ ಸ್ಪಷ್ಟ. ಆಕ್ನಿನ್ ಮತ್ತು ಸ್ಯಾಂಡ್‌ಸ್ಟ್ರಾಮ್ ತಮ್ಮ ಕೊನೆಯ ಪ್ರಯೋಗದಲ್ಲಿ ಒಂದು ಬದಲಾವಣೆ ಮಾಡಿದರು. ಹಳೆಯ ಗೆಳೆಯನಿಗೆ ಬರೆಯುವ ಮೊದಲು ಕೆಲವರಿಗೆ ಮೂರು ನಿಮಿಷ ಈಗಿನ ಗೆಳೆಯರಿಗೆ ಸಂದೇಶ ಕಳಿಸಲು ಹೇಳಿದರು, ಉಳಿದವರಿಗೆ ಅಷ್ಟೇ ಹೊತ್ತು ಸಾಮಾಜಿಕ ಜಾಲತಾಣ ನೋಡಲು ಬಿಟ್ಟರು. ಜಾಲತಾಣ ನೋಡಿದವರಲ್ಲಿ ಹಳೆಯ ಗೆಳೆಯನಿಗೆ ಸಂದೇಶ ಕಳಿಸಿದವರು ಮತ್ತೆ ಮೂರನೇ ಒಂದು ಭಾಗದಷ್ಟೇ. ಮೊದಲು ನಾಲ್ಕು ಮಾತು ಬರೆದು ಕೈ ಪಳಗಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಳಿಸಿದರು.